ಅಪ್‌ಲೋಡ್ ಆಯಿತು, ಡೇಟಾ ಕೆಟ್ಟಿತು: ಎಕ್ಸೆಲ್ ಶೀಟಿನ ದೋಷ ಹುಡುಕುವ ಕೈಪಿಡಿ

ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದು 15 ಕೆಜಿ ಬಾಕ್ಸ್ ಲೆಕ್ಕದಲ್ಲಿ. ಯಾವ ರೈತರಿಂದ ಎಷ್ಟು ಬಾಕ್ಸ್ ಬಂತು, ಎಷ್ಟು ದರಕ್ಕೆ ಹೋಯಿತು, ಯಾವ ಖಾತೆಗೆ ಹಣ ಹಾಕಬೇಕು ಅನ್ನುವುದೆಲ್ಲ ನಾನು ಕೆಲಸ ಮಾಡಿದ ಮಂಡಿಗಳಲ್ಲಿ ಗುಮಾಸ್ತರ ಎಕ್ಸೆಲ್ ಶೀಟಿನಲ್ಲಿರುತ್ತದೆ. ರೈತ ಉತ್ಪಾದಕ ಕಂಪನಿಗಳ ಸದಸ್ಯರ ಪಟ್ಟಿಯೂ ಹಾಗೆಯೇ: ಹೆಸರು, ಊರು, ಸರ್ವೆ ನಂಬರ್, ಫೋನ್, ಬ್ಯಾಂಕ್ ಖಾತೆ. ಇವರಿಗೆ ವೆಬ್ ಆ್ಯಪ್ ಮಾಡಿಕೊಡಲು ಹೋದರೆ ಮೊದಲು ಕೇಳುವುದೇ ಇದು: "ನಮ್ಮ ಶೀಟನ್ನ ಹಾಗೇ ಅಪ್‌ಲೋಡ್ ಮಾಡೋ ಹಂಗಿರಲಿ ಸಾರ್."

ಮಾಡಿಕೊಡುತ್ತೇವೆ. ಅಪ್‌ಲೋಡ್ ಆಗುತ್ತದೆ, ಹಸಿರು ಟಿಕ್ ಬರುತ್ತದೆ, ಸರ್ವರ್ ಲಾಗಿನಲ್ಲಿ ಒಂದು ಎರರ್ ಕೂಡ ಇರುವುದಿಲ್ಲ. ಎರಡು ದಿನ ಬಿಟ್ಟು ಫೋನ್ ಬರುತ್ತದೆ: ತಾರೀಖು ಒಂದು ದಿನ ಹಿಂದೆ ಇದೆ, ಇನ್ಯಾರದೋ ಸರ್ವೆ ನಂಬರ್ ಬಂದಿದೆ, ಬ್ಯಾಂಕಿನವರು ಖಾತೆ ಸಂಖ್ಯೆ ತಪ್ಪು ಅಂತ ವಾಪಸ್ ಕಳಿಸಿದ್ದಾರೆ. ಪ್ರೋಗ್ರಾಂ ಕ್ರ್ಯಾಶ್ ಆಗಿದ್ದರೆ ಕೆಲಸ ಸುಲಭ ಇರುತ್ತಿತ್ತು. ಇದು ಸದ್ದಿಲ್ಲದ ದೋಷ. ಇದರ ಹಿಂದೆ ರೈತರ ದುಡ್ಡು ಇದೆ. ಅದಕ್ಕೇ ಇದನ್ನು ಅಂದಾಜಿನ ಮೇಲೆ ಸರಿಮಾಡಲು ಹೋಗಬಾರದು.

ಮೊದಲು ಕೋಡ್ ಮುಟ್ಟಬೇಡಿ

ತಪ್ಪಾದ ಒಂದೇ ಒಂದು ಸಾಲನ್ನು ಆರಿಸಿಕೊಳ್ಳಿ. ಆ ಸಾಲಿನ ಒಂದು ಸೆಲ್ ಎಲ್ಲೆಲ್ಲಿ ಹಾದು ಬಂದಿದೆ ನೋಡಿ. ಮೊದಲು ಕಾಗದದ ಚೀಟಿ. ಆಮೇಲೆ ಗುಮಾಸ್ತರು ಟೈಪ್ ಮಾಡಿದ್ದು. ಅದನ್ನು ಎಕ್ಸೆಲ್ ತನಗೆ ಅರ್ಥವಾದಂತೆ ಒಳಗೆ ಇಟ್ಟುಕೊಂಡದ್ದು. ಪರದೆ ಮೇಲೆ ತೋರಿಸಿದ್ದು. ಫೈಲಿಗೆ ಬರೆದದ್ದು. ನಿಮ್ಮ ಲೈಬ್ರರಿ (ಶೀಟ್ ಓದಲು ಬಳಸುವ ಸಿದ್ಧ ಕೋಡ್) ಓದಿ ಕೊಟ್ಟದ್ದು. ಡೇಟಾಬೇಸಿಗೆ ಹೋದದ್ದು. ಕೊನೆಗೆ ಬ್ರೌಸರಿನಲ್ಲಿ ಕಂಡದ್ದು. ಇಷ್ಟು ಕಡೆಗಳಲ್ಲಿ ಯಾವುದೋ ಒಂದು ಕಡೆ ಬೆಲೆ (ಮಾರಾಟದ ದರ ಅಲ್ಲ, ಸೆಲ್‌ನಲ್ಲಿರುವ ಮೌಲ್ಯ) ಬದಲಾಗಿದೆ. ಅದು ಯಾವ ಕಡೆ ಅಂತ ಗೊತ್ತಾಗುವವರೆಗೆ ಪರಿಹಾರದ ಮಾತು ಬೇಡ.

ನಡುವಿನಿಂದ ಶುರು ಮಾಡುವುದು ಒಳ್ಳೆಯದು. ಲೈಬ್ರರಿ ಓದಿದ ಕೂಡಲೇ, ನಿಮ್ಮ ಕೋಡ್ ಏನೂ ಬದಲಾಯಿಸುವ ಮುಂಚೆ, ಆ ಸೆಲ್‌ನ ಬೆಲೆಯನ್ನೂ ಅದರ ಟೈಪನ್ನೂ ಲಾಗ್ ಮಾಡಿ. ಬೆಲೆ ಮಾತ್ರ ಸಾಲದು, ಅದು ಸಂಖ್ಯೆಯೋ ಪಠ್ಯವೋ ತಾರೀಖೋ ಅನ್ನುವುದೂ ಬೇಕು. ಅಲ್ಲಿ ಸರಿ ಇದ್ದರೆ ದೋಷ ನಿಮ್ಮ ಕಡೆಯದು. ಅಲ್ಲೇ ತಪ್ಪಿದ್ದರೆ ದೋಷ ಶೀಟಿನ ಕಡೆಯದು, ಅಥವಾ ಲೈಬ್ರರಿಗೆ ನೀವು ಕೊಟ್ಟ ಆಯ್ಕೆಗಳದ್ದು. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಶೀಟಿನ ಕಡೆ ಅನ್ನಿಸಿದರೆ ಫೈಲ್ ಒಳಗೆ ಇಣುಕಿ. 2007ರ ಎಕ್ಸೆಲ್‌ನಿಂದ ಬಂದ ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲ್ ನಿಜಕ್ಕೂ ಒಂದು ಜಿಪ್ ಫೈಲ್. ಒಂದು ಪ್ರತಿ ಮಾಡಿಕೊಂಡು, ಹೆಸರಿನ ಕೊನೆಯನ್ನು ಜಿಪ್ ಅಂತ ಬದಲಾಯಿಸಿ ತೆರೆದರೆ ಒಳಗೆ ಎಕ್ಸ್‌ಎಂಎಲ್ ಫೈಲುಗಳು ಕಾಣುತ್ತವೆ. ಪಠ್ಯವೆಲ್ಲ ಸಾಮಾನ್ಯವಾಗಿ ಎಲ್ಲ ಸೆಲ್‌ಗಳಿಗೂ ಸೇರಿದ ಒಂದೇ ಪಟ್ಟಿಯಲ್ಲಿರುತ್ತದೆ, ಸೆಲ್‌ನಲ್ಲಿ ಆ ಪಟ್ಟಿಯ ಕ್ರಮಸಂಖ್ಯೆ ಮಾತ್ರ. ಸಂಖ್ಯೆಗಳು ಸೆಲ್‌ನಲ್ಲೇ ಇರುತ್ತವೆ. ತಾರೀಖಿಗೆ ಅಂತ ಎಕ್ಸೆಲ್ ಬರೆಯುವ ಬೇರೆ ಟೈಪ್ ಇಲ್ಲ. 2024ರ ಜೂನ್ 12 ಅಂದರೆ ಫೈಲಿನಲ್ಲಿ ಇರುವುದು 45455 ಎಂಬ ಸಂಖ್ಯೆ (1900ರ ಶುರುವಿನಿಂದ ಎಣಿಸಿದ ದಿನ), ಜೊತೆಗೆ "ಇದನ್ನು ತಾರೀಖಿನಂತೆ ತೋರಿಸು" ಎಂಬ ಸ್ಟೈಲ್. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಮುಂದಿನ ಮುಕ್ಕಾಲು ದೋಷಗಳು ಅರ್ಥವಾಗುತ್ತವೆ.

ಜಿಪ್ ಬಿಚ್ಚುವ ಮೊದಲು ಕಣ್ಣಲ್ಲೇ ಮಾಡುವ ಒಂದು ಪರೀಕ್ಷೆ ಇದೆ. ಯಾರೂ ಅಲೈನ್‌ಮೆಂಟ್ ಬದಲಾಯಿಸಿಲ್ಲದಿದ್ದರೆ ಎಕ್ಸೆಲ್‌ನಲ್ಲಿ ಪಠ್ಯ ಎಡಕ್ಕೆ ಅಂಟಿಕೊಳ್ಳುತ್ತದೆ, ಸಂಖ್ಯೆ ಮತ್ತು ತಾರೀಖು ಬಲಕ್ಕೆ. ಒಂದೇ ಕಾಲಂನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಇದ್ದರೆ ಆ ಕಾಲಂ ಕಲಬೆರಕೆ. ಗುಮಾಸ್ತರಿಗೆ ಫೋನಿನಲ್ಲೇ ಕೇಳಿ ಇದನ್ನು ತಿಳಿದುಕೊಳ್ಳಬಹುದು.

ತಾರೀಖು ಒಂದು ದಿನ ಹಿಂದೆ ಬೀಳುತ್ತಿದೆ

ಜೂನ್ 12ರ ಹರಾಜು ಆ್ಯಪ್‌ನಲ್ಲಿ ಜೂನ್ 11 ಎಂದು ಕಾಣುತ್ತದೆ. ಎಲ್ಲ ಸಾಲುಗಳೂ ಹೀಗೇ ಇದ್ದರೆ ಇದು ಹೆಚ್ಚುಕಡಿಮೆ ಖಂಡಿತವಾಗಿ ಸಮಯ ವಲಯದ ದೋಷ.

ಜಾವಾಸ್ಕ್ರಿಪ್ಟ್‌ನ ಡೇಟ್ ಎಂದರೆ ಬರೀ ತಾರೀಖಲ್ಲ, ಅದೊಂದು ಕ್ಷಣ. ನಮ್ಮ ಊರಿನಲ್ಲಿ ಜೂನ್ 12ರ ನಡುರಾತ್ರಿ 12 ಗಂಟೆ ಆದಾಗ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಆಧಾರವಾದ ಸಮಯ) ಇನ್ನೂ ಜೂನ್ 11ರ ಸಂಜೆ 6:30. ಲೈಬ್ರರಿ ಸ್ಥಳೀಯ ಸಮಯದ ನಡುರಾತ್ರಿಯನ್ನು ಕೊಟ್ಟು, ನೀವು ಅದನ್ನು ಐಎಸ್‌ಒ ಸ್ಟ್ರಿಂಗ್ (ಯುಟಿಸಿಯಲ್ಲಿ ವರ್ಷ-ತಿಂಗಳು-ದಿನ ಎಂದು ಬರೆದ ಪಠ್ಯ) ಮಾಡಿ ಮೊದಲ 10 ಅಕ್ಷರ ಕತ್ತರಿಸಿದರೆ 11 ಬಂದೇ ಬರುತ್ತದೆ. ಜೇಸನ್ (ಸರ್ವರ್-ಬ್ರೌಸರ್ ನಡುವೆ ಡೇಟಾ ಕಳಿಸುವ ಪಠ್ಯ ರೂಪ) ಆಗಿ ಕಳಿಸಿದರೂ ಅಷ್ಟೇ, ಅಲ್ಲೂ ಒಳಗೊಳಗೆ ನಡೆಯುವುದು ಇದೇ ಪರಿವರ್ತನೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಒಂದು ರೀತಿ, ಸರ್ವರಿನಲ್ಲಿ ಇನ್ನೊಂದು ರೀತಿ ಬರುತ್ತಿದ್ದರೂ ಗಾಬರಿ ಬೇಡ. ಕ್ಲೌಡ್ ಸರ್ವರುಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತದೆ, ಹಾಗಾಗಿ ಅಲ್ಲಿ ದೋಷ ಅಡಗಿಕೊಳ್ಳುತ್ತದೆ. ಇನ್ನೊಂದು ಸೂಕ್ಷ್ಮ ಇದೆ: ಅಡ್ಡಗೆರೆ ಹಾಕಿ 2024-06-12 ಎಂದು ಬರೆದ ಸ್ಟ್ರಿಂಗನ್ನು ಜಾವಾಸ್ಕ್ರಿಪ್ಟ್ ಯುಟಿಸಿ ಎಂದು ಓದುತ್ತದೆ. ಓರೆಗೆರೆ ಹಾಕಿ 2024/06/12 ಎಂದು ಬರೆದರೆ ಸ್ಥಳೀಯ ಸಮಯ ಎಂದು ಓದುತ್ತದೆ.

ಇದಕ್ಕಿಂತ ವಿಚಿತ್ರವಾದದ್ದು ಒಂದಿದೆ. ತಾರೀಖಿನ ಜೊತೆ ಸಮಯವನ್ನೂ ಲಾಗ್ ಮಾಡಿದಾಗ ಹಿಂದಿನ ದಿನದ ರಾತ್ರಿ 11 ಗಂಟೆ 59 ನಿಮಿಷ 50 ಸೆಕೆಂಡ್ ಎಂದು ಕಂಡರೆ, ಸರಿಯಾಗಿ 10 ಸೆಕೆಂಡ್ ಕಮ್ಮಿ ಇದ್ದರೆ, ಅದು ಎಕ್ಸೆಲ್ ಓದುವ ಜಾವಾಸ್ಕ್ರಿಪ್ಟ್ ಲೈಬ್ರರಿ ಶೀಟ್‌ಜೆಎಸ್‌ನ ಹಳೆಯ ಆವೃತ್ತಿಗಳ ಗುರುತು. ಎಕ್ಸೆಲ್ ಸಂಖ್ಯೆಯನ್ನು ತಾರೀಖು ಮಾಡಲು ಅದು 1899ರ ಡಿಸೆಂಬರ್ ಕೊನೆಯ ಒಂದು ದಿನದಿಂದ ಲೆಕ್ಕ ಹಾಕುತ್ತಿತ್ತು. ಆಗ ನಮ್ಮಲ್ಲಿ ಈಗಿನ 5:30 ಗಂಟೆಯ ಭಾರತೀಯ ಸಮಯ ಬಂದಿರಲಿಲ್ಲ, ಅದು ಬಂದದ್ದು 1906ರಲ್ಲಿ. ಕಂಪ್ಯೂಟರಿನ ಸಮಯ ವಲಯದ ದಾಖಲೆಯಲ್ಲಿ ಅದಕ್ಕೂ ಮುಂಚೆ ಇರುವುದು ಮದ್ರಾಸ್ ಸಮಯ: ಯುಟಿಸಿಗಿಂತ 5 ಗಂಟೆ 21 ನಿಮಿಷ 10 ಸೆಕೆಂಡ್ ಮುಂದೆ. ಜಾವಾಸ್ಕ್ರಿಪ್ಟ್ ಈ ಅಂತರವನ್ನು ನಿಮಿಷದ ಲೆಕ್ಕದಲ್ಲಿ ಕೊಟ್ಟಾಗ ಆ 10 ಸೆಕೆಂಡ್ ಬಿದ್ದುಹೋಗುತ್ತದೆ. ನೂರು ವರ್ಷಕ್ಕೂ ಹಳೆಯ ಗಡಿಯಾರದ ಲೆಕ್ಕ ಇವತ್ತಿನ ಟೊಮೆಟೊ ಬಿಲ್ಲಿನ ತಾರೀಖನ್ನು ಹಿಂದಕ್ಕೆ ಎಳೆಯುತ್ತದೆ. ಇದು ಗೊತ್ತಿಲ್ಲದೆ ಹುಡುಕಿದರೆ ವಾರ ಕಳೆದರೂ ಸಿಗುವುದಿಲ್ಲ.

ಪರಿಹಾರ ಎರಡಕ್ಕೂ ಒಂದೇ. ಲೈಬ್ರರಿಯಿಂದ ತಾರೀಖು ಕೇಳಬೇಡಿ, ಸಂಖ್ಯೆಯನ್ನೇ ಕೇಳಿ. 45455ರಿಂದ 25569 ಕಳೆಯಿರಿ, ಯಾಕಂದರೆ 1970ರ ಜನವರಿ 1ರ ಎಕ್ಸೆಲ್ ಸಂಖ್ಯೆ 25569. ಉಳಿಯುವುದು 19886 ದಿನ. ಅದನ್ನು 86400ರಿಂದ ಗುಣಿಸಿದರೆ ಯುಟಿಸಿ ಸೆಕೆಂಡುಗಳು ಸಿಗುತ್ತವೆ, ಮಿಲಿಸೆಕೆಂಡ್ ಬೇಕಾದರೆ ಇನ್ನೊಂದು ಸಾವಿರದಿಂದ ಗುಣಿಸಿ. ಅಲ್ಲಿಂದ ವರ್ಷ, ತಿಂಗಳು, ದಿನ ತೆಗೆಯುವಾಗ ಯುಟಿಸಿ ಫಂಕ್ಷನ್‌ಗಳನ್ನೇ ಬಳಸಿ. ಡೇಟಾಬೇಸಿನಲ್ಲಿ ಆ ಕಾಲಂ ಬರೀ ತಾರೀಖಿನ ಟೈಪ್ ಆಗಿರಲಿ, ಟೈಮ್‌ಸ್ಟ್ಯಾಂಪ್ ಬೇಡ. ಹರಾಜಿನ ದಿನಕ್ಕೆ ಗಂಟೆ ನಿಮಿಷದ ಅಗತ್ಯವೇ ಇಲ್ಲ ಅಲ್ವಾ? ಪೈಥಾನ್‌ನ ಓಪನ್‌ಪೈಎಕ್ಸ್‌ಎಲ್ ಲೈಬ್ರರಿ ಸಮಯ ವಲಯವಿಲ್ಲದ ತಾರೀಖು ಕೊಡುವುದರಿಂದ ಅಲ್ಲಿ ಈ ಕಾಟ ಕಡಿಮೆ.

ಒಂದು ದಿನದ ಬದಲು ನಾಲ್ಕು ವರ್ಷ ಒಂದು ದಿನದ ವ್ಯತ್ಯಾಸ ಬಂದರೆ, ಅಂದರೆ 1462 ದಿನ, ಆ ಫೈಲ್ ಮ್ಯಾಕ್‌ನ ಹಳೆಯ, 1904ರಿಂದ ದಿನ ಎಣಿಸುವ ಪದ್ಧತಿಯಲ್ಲಿದೆ. ವರ್ಕ್‌ಬುಕ್‌ನ ಸೆಟ್ಟಿಂಗ್‌ನಲ್ಲಿ ಆ ಗುರುತು ಇರುತ್ತದೆ, ಅದನ್ನು ಓದಿ ಸೇರಿಸಿಕೊಳ್ಳಿ.

ಜೂನ್ ತಿಂಗಳ ಹರಾಜು ವರ್ಷಪೂರ್ತಿ ಹರಡಿಕೊಂಡಿದೆ

ಇದರ ಲಕ್ಷಣ ಎಷ್ಟು ಸ್ಪಷ್ಟ ಅಂದರೆ ಒಮ್ಮೆ ನೋಡಿದರೆ ಮರೆಯುವುದಿಲ್ಲ. ಜೂನ್ ತಿಂಗಳ ಶೀಟ್ ಹಾಕಿದ್ದೀರಿ. ಆ್ಯಪ್‌ನಲ್ಲಿ ಜನವರಿ 6, ಫೆಬ್ರವರಿ 6, ಮಾರ್ಚ್ 6 ಹೀಗೆ ಪ್ರತಿ ತಿಂಗಳ 6ನೇ ತಾರೀಖಿನಲ್ಲಿ ವಹಿವಾಟು ಕಾಣುತ್ತದೆ. 13ರಿಂದ 30ರವರೆಗಿನ ದಿನಗಳು ಖಾಲಿ, ಇಲ್ಲವೇ ತಪ್ಪು ತಾರೀಖು ಎಂದು ತಿರಸ್ಕಾರವಾಗಿವೆ.

ಕಾರಣ ಗುಮಾಸ್ತರ ಕಂಪ್ಯೂಟರಿನ ರೀಜನ್ ಸೆಟ್ಟಿಂಗ್. ವಿಂಡೋಸ್ ಹಾಕಿದಾಗ ಅಮೆರಿಕ ಅಂತ ಇದ್ದದ್ದು ಹಾಗೇ ಉಳಿದಿದೆ. ಅವರು 01/06/2024 ಎಂದು ಒತ್ತಿದರೆ ಎಕ್ಸೆಲ್ ಅದನ್ನು ಜನವರಿ 6 ಎಂದು ಓದುತ್ತದೆ. 13/06/2024 ಎಂದು ಒತ್ತಿದರೆ 13ನೇ ತಿಂಗಳು ಇಲ್ಲವಲ್ಲ, ಹಾಗಾಗಿ ಅದನ್ನು ಪಠ್ಯವಾಗಿ ಬಿಟ್ಟುಬಿಡುತ್ತದೆ. ಮೇಲೆ ಹೇಳಿದ ಎಡ-ಬಲ ಪರೀಕ್ಷೆಯಲ್ಲಿ 12ರವರೆಗೆ ಬಲಕ್ಕೆ, 13ರಿಂದ ಎಡಕ್ಕೆ ಕಾಣುತ್ತದೆ. ಗುಮಾಸ್ತರ ಕಣ್ಣಿಗೆ ಮಾತ್ರ ಏನೂ ತಪ್ಪಿಲ್ಲ, ಅವರು ಟೈಪ್ ಮಾಡಿದ ಅಂಕಿಗಳೇ ಪರದೆ ಮೇಲಿವೆ.

ಕೋಡಿನಲ್ಲಿ "ದಿನ 12ಕ್ಕಿಂತ ಕಡಿಮೆ ಇದ್ದರೆ ಅದಲು ಬದಲು ಮಾಡು" ಎಂಬ ತೇಪೆ ಹಾಕಲು ಹೋಗಬೇಡಿ. ನಾಳೆ ಸರಿಯಾದ ಕಂಪ್ಯೂಟರಿನಿಂದ ಬಂದ ಶೀಟನ್ನು ಅದೇ ತೇಪೆ ಕೆಡಿಸುತ್ತದೆ. ರೀಜನ್ನು ಇಂಗ್ಲಿಷ್ ಇಂಡಿಯಾ ಮಾಡಿಸಿ, ಆ ತಿಂಗಳ ಕಾಲಂ ಮತ್ತೆ ಟೈಪ್ ಮಾಡಿಸಿ. ಆ್ಯಪ್‌ನಲ್ಲಿ ಅಪ್‌ಲೋಡ್ ಮಾಡುವಾಗ ಯಾವ ತಿಂಗಳ ಶೀಟ್ ಎಂದು ಕೇಳಿ, ಆ ತಿಂಗಳ ಹೊರಗಿನ ತಾರೀಖು ಬಂದರೆ ನಿಲ್ಲಿಸಿ. ಈ ಒಂದು ಪ್ರಶ್ನೆ ಎಷ್ಟೋ ಕೋಡಿಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಸರ್ವೆ ನಂಬರ್ ತಾರೀಖಾಗಿ ಬಿಟ್ಟಿದೆ

ನಮ್ಮ ಜಿಲ್ಲೆಯ ರೈತರ ಪಟ್ಟಿ ಇಟ್ಟುಕೊಂಡು ಕೆಲಸ ಮಾಡುವವರು ಇದನ್ನು ಎದುರಿಸಿಯೇ ತೀರುತ್ತಾರೆ. ಸರ್ವೆ ನಂಬರ್ 12, ಹಿಸ್ಸಾ 3. ಎಲ್ಲರೂ ಬರೆಯುವುದು 12/3 ಎಂದು. ಎಕ್ಸೆಲ್ ಅದನ್ನು ಮಾರ್ಚ್ 12 ಮಾಡುತ್ತದೆ, ಟೈಪ್ ಮಾಡಿದ ವರ್ಷವನ್ನೂ ತಾನೇ ಸೇರಿಸಿಕೊಳ್ಳುತ್ತದೆ. 2024ರಲ್ಲಿ ಟೈಪ್ ಮಾಡಿದ್ದರೆ ಒಳಗೆ 45363 ಕೂತಿರುತ್ತದೆ. 12/1/3 ಎಂದು ಬರೆದಿದ್ದರೆ 2003ರ ಜನವರಿ 12. ಆದರೆ 112/3 ಇದ್ದರೆ ಅಂಥ ದಿನವೂ ಇಲ್ಲ, ತಿಂಗಳೂ ಇಲ್ಲ, ಹಾಗಾಗಿ ಅದು ಪಠ್ಯವಾಗಿ ಉಳಿಯುತ್ತದೆ.

ಲಕ್ಷಣ ಇಲ್ಲೇ ಇದೆ: ದೊಡ್ಡ ಸರ್ವೆ ನಂಬರುಗಳೆಲ್ಲ ಸರಿ, ಚಿಕ್ಕವು ಮಾತ್ರ ಕೆಟ್ಟಿವೆ. ಆ್ಯಪ್‌ನಲ್ಲಿ 45 ಸಾವಿರದ ಆಸುಪಾಸಿನ ಐದಂಕಿಯ "ಸರ್ವೆ ನಂಬರ್" ಕಂಡರೆ ಅದೇ ಇದು. ಯಾರೋ ಆಮೇಲೆ ಕಾಲಂ ಫಾರ್ಮ್ಯಾಟನ್ನು ಟೆಕ್ಸ್ಟ್ ಮಾಡಿದ್ದರೆ ಶೀಟಿನಲ್ಲೂ 45363 ಎಂದೇ ಕಾಣುತ್ತದೆ. ಟೈಪ್ ಮಾಡಿದ ಮೇಲೆ ಫಾರ್ಮ್ಯಾಟ್ ಬದಲಾಯಿಸಿ ಪ್ರಯೋಜನವಿಲ್ಲ.

ಸಂಖ್ಯೆಯಿಂದ ದಿನ ಮತ್ತು ತಿಂಗಳು ತೆಗೆದು 12/3 ಮಾಡಿಕೊಳ್ಳಬಹುದಲ್ಲ ಅನ್ನಿಸುತ್ತದೆ. ಇಲ್ಲಿ ಬಹಳ ಎಚ್ಚರ ಬೇಕು. 45363 ಅಂದರೆ ಮಾರ್ಚ್ 12. ಭಾರತದ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಿ ಅದು 12/3ರಿಂದ ಬಂದದ್ದು. ಅಮೆರಿಕದ ಸೆಟ್ಟಿಂಗ್ ಇದ್ದ ಕಂಪ್ಯೂಟರಿನಲ್ಲಿ 3/12ರಿಂದ ಬಂದದ್ದು. ಸರ್ವೆ ನಂಬರ್ 3ರ ಹಿಸ್ಸಾ 12 ಇನ್ನೊಬ್ಬರ ಜಮೀನು. ಶೀಟ್ ಯಾವ ಕಂಪ್ಯೂಟರಿನಲ್ಲಿ ಟೈಪ್ ಆಯಿತು ಎಂದು ಖಚಿತ ಇಲ್ಲದಿದ್ದರೆ ಪಹಣಿ ನೋಡಿಯೇ ತಿದ್ದಬೇಕು. ಜಮೀನಿನ ವಿಷಯದಲ್ಲಿ ಕಂಪ್ಯೂಟರ್ ಊಹೆ ಮಾಡುವುದು ಸರಿಯಲ್ಲ, ಆ ಊಹೆ ಎಷ್ಟೇ ಸಮಂಜಸವಾಗಿ ಕಂಡರೂ.

ಶಾಶ್ವತ ಪರಿಹಾರ ಸರ್ವೆ ನಂಬರಿಗೆ ಒಂದು ಕಾಲಂ, ಹಿಸ್ಸಾಕ್ಕೆ ಇನ್ನೊಂದು ಕಾಲಂ ಮಾಡುವುದು. ಭೂಮಿ ತಂತ್ರಾಂಶದಲ್ಲಿ ಪಹಣಿ ಹುಡುಕುವಾಗಲೂ ಸರ್ವೆ ನಂಬರ್, ಸರ್ನೋಕ್ (ಸರ್ವೆ ನಂಬರಿನ ಉಪಗುರುತು), ಹಿಸ್ಸಾ ಬೇರೆ ಬೇರೆಯಾಗಿಯೇ ಕೇಳುತ್ತಾರೆ. ಅದೇ ದಾರಿ ಹಿಡಿಯಿರಿ. ನಿಮ್ಮ ಆ್ಯಪ್‌ನಿಂದಲೇ ಖಾಲಿ ಮಾದರಿ ಶೀಟ್ ಡೌನ್‌ಲೋಡ್ ಮಾಡುವ ಬಟನ್ ಕೊಡಿ, ಅದರಲ್ಲಿ ಈ ಕಾಲಂಗಳು ಮೊದಲೇ ಟೆಕ್ಸ್ಟ್ ಫಾರ್ಮ್ಯಾಟಿನಲ್ಲಿರಲಿ.

ಹೊಸ ಎಕ್ಸೆಲ್‌ನಲ್ಲಿ ತಾನಾಗೇ ಆಗುವ ಕೆಲವು ಪರಿವರ್ತನೆಗಳನ್ನು ನಿಲ್ಲಿಸುವ ಸೆಟ್ಟಿಂಗ್ ಬಂದಿದೆ. ಸಂಖ್ಯೆಯ ಶುರುವಿನ ಸೊನ್ನೆ ತೆಗೆಯುವುದು, ಉದ್ದ ಸಂಖ್ಯೆ ಮೊಟಕು ಮಾಡುವುದು, ಅಕ್ಷರ-ಅಂಕಿ ಬೆರೆತದ್ದನ್ನು ತಾರೀಖು ಮಾಡುವುದು ಅದರಲ್ಲಿ ಸೇರಿವೆ. ಓರೆಗೆರೆ ಇರುವ 12/3 ಆ ಪಟ್ಟಿಯಲ್ಲಿ ಬರುವುದಿಲ್ಲ. ಈ ಕಾಟ ನಮ್ಮದು ಮಾತ್ರ ಅಂದುಕೊಳ್ಳಬೇಡಿ. ಎಕ್ಸೆಲ್ ತಾರೀಖು ಮಾಡಿಬಿಡುತ್ತದೆ ಎಂಬ ಕಾರಣಕ್ಕೆ ಮನುಷ್ಯರ ಕೆಲವು ಜೀನ್‌ಗಳ ಹೆಸರನ್ನೇ ಬದಲಾಯಿಸಿದ್ದನ್ನು ಜೀನ್ ನಾಮಕರಣ ಸಮಿತಿ 2020ರಲ್ಲಿ ಹೇಳಿತು. ಮಾರ್ಚ್1, ಸೆಪ್ಟ್1 ಎಂಬ ಜೀನ್‌ಗಳಿದ್ದವು.

ಖಾತೆ ಸಂಖ್ಯೆಯ ಕೊನೆಗೆ ಸೊನ್ನೆ

ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಉಳಿಸಿಕೊಳ್ಳುತ್ತದೆ. 16 ಅಂಕಿಯ ಬ್ಯಾಂಕ್ ಖಾತೆ ಟೈಪ್ ಮಾಡಿದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಆ ಕ್ಷಣದಲ್ಲೇ. ನಿಜವಾದ ಅಂಕಿ ಫೈಲಿನಲ್ಲೂ ಇಲ್ಲ, ಎಲ್ಲೂ ಇಲ್ಲ. ಪಟ್ಟಿಯಲ್ಲಿರುವ ಉದ್ದ ಖಾತೆಗಳೆಲ್ಲ ಸೊನ್ನೆಯಲ್ಲೇ ಮುಗಿಯುತ್ತಿದ್ದರೆ ಇದೇ ಕಾರಣ. ಪಾಸ್‌ಬುಕ್ ತರಿಸದೆ ಬೇರೆ ದಾರಿ ಇಲ್ಲ. ಸೊನ್ನೆಯಿಂದ ಶುರುವಾಗುವ ಖಾತೆಗಳಲ್ಲಿ ಆ ಶುರುವಿನ ಸೊನ್ನೆಗಳು ಹೋಗುತ್ತವೆ. ಆ ಬ್ಯಾಂಕಿನ ಖಾತೆಗೆ ಎಷ್ಟು ಅಂಕಿ ಎಂದು ಗೊತ್ತಿದ್ದರೆ ಅದನ್ನು ಮರಳಿ ತುಂಬಬಹುದು.

12 ಅಂಕಿಯದ್ದು ಬೇರೆ ಕಥೆ. 91 ಸೇರಿಸಿದ ಫೋನ್ ನಂಬರ್ ಸಾಮಾನ್ಯ ಫಾರ್ಮ್ಯಾಟಿನಲ್ಲಿ 9.19845ಇ+11 ಎಂಬಂತೆ ಕಾಣುತ್ತದೆ. ಸೆಲ್ ಒಳಗೆ ಪೂರ್ತಿ ಸಂಖ್ಯೆ ಭದ್ರವಾಗಿದೆ. ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲನ್ನು ನೇರ ಓದಿ, ಮೂಲ ಬೆಲೆ ಕೇಳಿದರೆ ಸರಿಯಾಗಿಯೇ ಸಿಗುತ್ತದೆ. ಶೀಟ್‌ಜೆಎಸ್‌ನಲ್ಲಿ ಕಚ್ಚಾ ಬೆಲೆಯ ಆಯ್ಕೆಯನ್ನು ಆಫ್ ಮಾಡಿದ್ದರೆ ಪರದೆಯಲ್ಲಿ ಕಂಡದ್ದೇ ಬರುತ್ತದೆ. ಅದೇ ಶೀಟನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಬರೀ ಪಠ್ಯದ ಫೈಲ್) ಮಾಡಿ ಕಳಿಸಿದರೆ ಮುಗಿಯಿತು, ಯಾಕಂದರೆ ಸಿಎಸ್‌ವಿಗೆ ಹೋಗುವುದು ಪರದೆಯಲ್ಲಿ ಕಾಣುವ ರೂಪ. ಗುಮಾಸ್ತರ ಹತ್ತಿರ ಮೂಲ ಶೀಟ್ ಇದ್ದರೆ ಅದನ್ನೇ ತರಿಸಿಕೊಳ್ಳಿ. ಆಧಾರ್ ಕೂಡ 12 ಅಂಕಿಯೇ. ಅದಕ್ಕೆ ನನ್ನ ಸಲಹೆ ಬೇರೆ: ಪೂರ್ತಿ ಆಧಾರ್ ಸಂಖ್ಯೆಯ ಕಾಲಂ ಈ ಶೀಟಿನಲ್ಲಿ ಇರಲೇಬಾರದು.

ಇವೆಲ್ಲ ಹೆಸರಿಗೆ ಸಂಖ್ಯೆ, ಕೂಡುವುದೂ ಇಲ್ಲ ಗುಣಿಸುವುದೂ ಇಲ್ಲ. ಡೇಟಾಬೇಸಿನಲ್ಲೂ, ಜೇಸನ್‌ನಲ್ಲೂ ಪಠ್ಯವಾಗಿಯೇ ಇರಲಿ. ಪೈಥಾನ್‌ನ ಪಾಂಡಾಸ್ ಲೈಬ್ರರಿಯಲ್ಲಿ ಓದುವಾಗ ಈ ಕಾಲಂಗಳನ್ನು ಸ್ಟ್ರಿಂಗ್ ಎಂದು ಮೊದಲೇ ಹೇಳಿ. ಬ್ಯಾಂಕ್ ಶಾಖೆಯ ಗುರುತಾದ ಐಎಫ್‌ಎಸ್‌ಸಿಯಲ್ಲಿ 11 ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷ್ ಓ ಅಕ್ಷರ ಬಂದಿದೆಯಾ ಅಂತ ಒಮ್ಮೆ ನೋಡಿ.

ಕನ್ನಡ ಹೆಸರುಗಳು ಕೆಟ್ಟಿವೆ

ಕೆಟ್ಟದ್ದು ಹೇಗೆ ಕಾಣುತ್ತಿದೆ ಎಂಬುದರ ಮೇಲೆ ಕಾರಣ ಬೇರೆ, ಉಳಿಯುವ ಆಸೆಯೂ ಬೇರೆ.

ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ, ಕನ್ನಡವಿರುವ ಶೀಟನ್ನು ಮಾಮೂಲಿ ಸಿಎಸ್‌ವಿ ಆಗಿ ಉಳಿಸಿದ್ದಾರೆ. ಆ ಫೈಲಿನಿಂದ ಹೆಸರು ಮರಳಿ ಸಿಗುವುದಿಲ್ಲ. ಉಳಿಸುವಾಗ ಯುಟಿಎಫ್-8 (ಕನ್ನಡವನ್ನೂ ಹಿಡಿದಿಡುವ ಎನ್‌ಕೋಡಿಂಗ್) ಸಿಎಸ್‌ವಿ ಎಂಬ ಆಯ್ಕೆ ಬಳಸಬೇಕಿತ್ತು.

ತಲೆ ಮೇಲೆ ಓರೆಗೆರೆ ಇರುವ ಇಂಗ್ಲಿಷ್ ಎ, ಅದರ ಪಕ್ಕ ಮೇಲ್ಗಡೆ ಚಿಕ್ಕ 2 ಅಥವಾ ಚಿಕ್ಕ 3, ಇದೇ ಮತ್ತೆ ಮತ್ತೆ ಬರುತ್ತಿದ್ದರೆ ನೆಮ್ಮದಿಯಿಂದಿರಿ. ಅದು ಸರಿಯಾದ ಯುಟಿಎಫ್-8 ಕನ್ನಡ, ತಪ್ಪು ಎನ್‌ಕೋಡಿಂಗಿನಲ್ಲಿ ತೆರೆದಿದೆ ಅಷ್ಟೇ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಚಿಹ್ನೆಗೂ ಮೂರು ಬೈಟ್, ಮೊದಲೆರಡು ಬೈಟುಗಳು ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ. ಅದಕ್ಕೇ ಆ ಜೋಡಿ ಪದೇ ಪದೇ ಕಾಣುತ್ತದೆ. ನಿಮ್ಮ ಆ್ಯಪ್ ಕೊಡುವ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿದಾಗ ಹೀಗಾದರೆ, ಇದು ಯುಟಿಎಫ್-8 ಎಂದು ಎಕ್ಸೆಲ್‌ಗೆ ಹೇಳುವ ಬಿಓಎಂ ಎಂಬ ಮೂರು ಬೈಟನ್ನು ಫೈಲಿನ ಶುರುವಿಗೆ ಸೇರಿಸಿ. ಓದುವ ಕಡೆ ಅದೇ ಬಿಓಎಂ ಇನ್ನೊಂದು ಕಾಟ ಕೊಡುತ್ತದೆ: ಮೊದಲ ಕಾಲಂನ ಹೆಸರಿಗೆ ಅಂಟಿಕೊಂಡು, "ರೈತರ ಹೆಸರು" ಎಂಬ ಕಾಲಂ ಕಣ್ಣಿಗೆ ಕಾಣುತ್ತದೆ, ಕೋಡಿಗೆ ಸಿಗುವುದಿಲ್ಲ. ಮೊದಲ ಕಾಲಂ ಒಂದೇ ಖಾಲಿ ಬರುತ್ತಿದ್ದರೆ ಇದನ್ನೇ ಮೊದಲು ನೋಡಿ.

ಶೀಟಿನಲ್ಲಿ ಚೆನ್ನಾಗಿ ಕನ್ನಡ ಕಾಣುತ್ತದೆ, ಬ್ರೌಸರಿನಲ್ಲಿ ಮಾತ್ರ ಇಂಗ್ಲಿಷ್ ಅಕ್ಷರಗಳ ರಾಶಿ. ಆಗ ಶೀಟಿನ ಫಾಂಟನ್ನು ಏರಿಯಲ್ ಮಾಡಿ ನೋಡಿ. ಅಲ್ಲೂ ಕೆಟ್ಟರೆ ಅದು ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳಿಗೇ ಕನ್ನಡದ ಆಕಾರ ಕೊಡುವಂಥದ್ದು) ಟೈಪ್ ಮಾಡಿದ್ದು. ಎನ್‌ಕೋಡಿಂಗ್ ಬದಲಾಯಿಸಿ ಉಪಯೋಗವಿಲ್ಲ. ಯೂನಿಕೋಡಿಗೆ ಪರಿವರ್ತಿಸುವ ಸಾಧನದಿಂದ ಬದಲಾಯಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಹೆಸರುಗಳನ್ನು ಒಂದೊಂದಾಗಿ ಕಣ್ಣಾಡಿಸಿ.

ಇನ್ನು ಅತಿ ಸೂಕ್ಷ್ಮವಾದದ್ದು. ಎರಡು ಸಾಲಿನಲ್ಲೂ "ಕೋಲಾರ" ಎಂದೇ ಇದೆ, ಆದರೆ ವರದಿಯಲ್ಲಿ ಕೋಲಾರ ಎರಡು ಸಲ ಬರುತ್ತದೆ. ಎಕ್ಸೆಲ್‌ನ ಲೆನ್ ಫಂಕ್ಷನ್ ಹಾಕಿ ಉದ್ದ ನೋಡಿ. ಒಂದಕ್ಕೆ 5, ಇನ್ನೊಂದಕ್ಕೆ 7 ಬಂದರೆ ಕಾರಣ ಓತ್ವ. ಯೂನಿಕೋಡಿನಲ್ಲಿ ಓತ್ವವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಮೂರು ತುಂಡುಗಳಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಎನ್‌ಎಫ್‌ಸಿ ನಾರ್ಮಲೈಸ್ (ತುಂಡುಗಳನ್ನು ಒಂದೇ ಚಿಹ್ನೆಗೆ ಕೂಡಿಸುವುದು) ಮಾಡಿದರೆ ಎರಡೂ ಒಂದೇ ಆಗುತ್ತವೆ. ಜಾವಾಸ್ಕ್ರಿಪ್ಟ್, ಪೈಥಾನ್, ಪಿಎಚ್‌ಪಿ ಮೂರರಲ್ಲೂ ಇದಕ್ಕೆ ಫಂಕ್ಷನ್ ಇದೆ. ಈತ್ವ, ಏತ್ವ, ಐತ್ವಕ್ಕೂ ಇದೇ ಮಾತು.

ನಾರ್ಮಲೈಸ್ ಮಾಡಿದ ಮೇಲೂ "ಮಾಲೂರ್" ಎರಡಾಗಿಯೇ ಉಳಿದರೆ, ಒಂದರ ಕೊನೆಯಲ್ಲಿ ಕಾಣದ ಜೋಡಣೆ-ತಡೆ ಅಕ್ಷರ ಕೂತಿದೆ. ಕೆಲವು ಕೀಬೋರ್ಡುಗಳು ಹಲಂತದ ನಂತರ ಅದನ್ನು ಸೇರಿಸುತ್ತವೆ. ಜಾವಾಸ್ಕ್ರಿಪ್ಟ್‌ನ ಟ್ರಿಮ್ ಇದನ್ನು ತೆಗೆಯುವುದಿಲ್ಲ. ಹಾಗಂತ ಎಲ್ಲ ಕಡೆಯಿಂದ ಕಿತ್ತುಹಾಕಬೇಡಿ. ರಾಬರ್ಟ್‌ಸನ್‌ಪೇಟೆ ಎಂದು ಸರಿಯಾಗಿ ಬರೆಯಲು ಅದೇ ಅಕ್ಷರ ಬೇಕು. ತೋರಿಸುವ ಹೆಸರನ್ನು ಇದ್ದಂತೆ ಇಟ್ಟು, ಹೋಲಿಕೆಗೆ ಮಾತ್ರ ಅದನ್ನು ತೆಗೆದ ಇನ್ನೊಂದು ಕಾಲಂ ಮಾಡಿ. ಮುಳಬಾಗಿಲು, ಮುಳಬಾಗಲು ಎಂಬ ಭೇದವನ್ನು ಮಾತ್ರ ಯಾವ ನಾರ್ಮಲೈಸೂ ಬಗೆಹರಿಸುವುದಿಲ್ಲ. ತಾಲ್ಲೂಕಿನ ಹೆಸರಿಗೆ ಮಾದರಿ ಶೀಟಿನಲ್ಲೇ ಡ್ರಾಪ್‌ಡೌನ್ ಕೊಡಿ.

ಕನ್ನಡ ಅಂಕಿಗಳ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಾಕ್ಸ್ ಕಾಲಂನಲ್ಲಿ ೪೦ ಎಂದು ಟೈಪ್ ಮಾಡಿದ್ದರೆ ಅದನ್ನು ಪೈಥಾನ್ 40 ಎಂದು ಓದುತ್ತದೆ. ಜಾವಾಸ್ಕ್ರಿಪ್ಟ್ ಇದು ಸಂಖ್ಯೆಯಲ್ಲ ಎನ್ನುತ್ತದೆ. ಪಿಎಚ್‌ಪಿ ಬಲವಂತವಾಗಿ ಪೂರ್ಣಾಂಕ ಮಾಡಿದರೆ ಸದ್ದಿಲ್ಲದೆ 0 ಕೊಡುತ್ತದೆ. ಮೂರರಲ್ಲಿ ಅಪಾಯದ್ದು ಕೊನೆಯದು. ಓದಿದ ತಕ್ಷಣ ಹತ್ತು ಅಂಕಿಗಳನ್ನು ಬದಲಾಯಿಸುವ ಚಿಕ್ಕ ಫಂಕ್ಷನ್ ಬರೆದಿಟ್ಟುಕೊಳ್ಳಿ.

ಉಳಿದವು

ಒಂದೂಕಾಲು ಲಕ್ಷ ರೂಪಾಯಿ 1 ರೂಪಾಯಿ ಆಗಿದ್ದರೆ, ಸೆಲ್‌ನಲ್ಲಿ 1,25,000 ಪಠ್ಯವಾಗಿದೆ, ಜಾವಾಸ್ಕ್ರಿಪ್ಟ್‌ನ ಪಾರ್ಸ್‌ಫ್ಲೋಟ್ ಮೊದಲ ಅಲ್ಪವಿರಾಮಕ್ಕೇ ನಿಂತಿದೆ. ಅಲ್ಪವಿರಾಮ ಮತ್ತು ರೂಪಾಯಿ ಚಿಹ್ನೆ ತೆಗೆದು, ಪೂರ್ತಿ ಸ್ಟ್ರಿಂಗ್ ಸಂಖ್ಯೆಯಾಗದಿದ್ದರೆ ತಿರಸ್ಕರಿಸುವ ವಿಧಾನ ಬಳಸಿ.

ಮೊತ್ತದ ಕಾಲಂ ಖಾಲಿ ಬಂದರೆ ಅಲ್ಲಿ ಫಾರ್ಮುಲಾ ಇರಬಹುದು. ಓಪನ್‌ಪೈಎಕ್ಸ್‌ಎಲ್ ಸುಮ್ನೆ ಓದಿದರೆ ಫಾರ್ಮುಲಾವನ್ನೇ ಕೊಡುತ್ತದೆ. ಬೆಲೆ ಮಾತ್ರ ಬೇಕು ಎಂದರೆ ಎಕ್ಸೆಲ್ ಕೊನೆಯ ಸಲ ಲೆಕ್ಕ ಹಾಕಿ ಉಳಿಸಿದ್ದನ್ನು ಕೊಡುತ್ತದೆ. ಇನ್ನೊಂದು ಪ್ರೋಗ್ರಾಂ ತಯಾರಿಸಿ, ಎಕ್ಸೆಲ್‌ನಲ್ಲಿ ಯಾರೂ ತೆರೆಯದ ಫೈಲಾದರೆ ಅಂಥ ಬೆಲೆಯೇ ಇರುವುದಿಲ್ಲ. ಒಮ್ಮೆ ಎಕ್ಸೆಲ್‌ನಲ್ಲಿ ತೆರೆದು ಉಳಿಸಿದರೆ ಬರುತ್ತದೆ.

ಸಣ್ಣ ಶೀಟಿಗೂ ಸರ್ವರ್ ಉಸಿರುಗಟ್ಟುತ್ತಿದ್ದರೆ ಕಂಟ್ರೋಲ್ ಮತ್ತು ಎಂಡ್ ಕೀ ಒತ್ತಿಸಿ. ಕರ್ಸರ್ 10,48,576ನೇ ಸಾಲಿಗೆ ಹೋಗಿ ನಿಂತರೆ, ಯಾರೋ ಅಲ್ಲಿಯವರೆಗೂ ಸೆಲ್‌ಗಳಿಗೆ ಬಣ್ಣ ಅಥವಾ ಗೆರೆ ಹಾಕಿರಬಹುದು. ಮರ್ಜ್ ಮಾಡಿದ ಸೆಲ್‌ಗಳಲ್ಲಿ ಮೇಲಿನ ಎಡಗಡೆಯದಕ್ಕೆ ಮಾತ್ರ ಬೆಲೆ ಇರುತ್ತದೆ. ಕೊನೆಯ "ಒಟ್ಟು" ಸಾಲು ಒಬ್ಬ ರೈತರಾಗಿ ಸೇರಿಕೊಂಡು ಮೊತ್ತ ದುಪ್ಪಟ್ಟಾಗುವುದೂ ಸಾಮಾನ್ಯ.

ಗೂಗಲ್ ಶೀಟ್ಸ್‌ನಿಂದ ಎಪಿಐ ಮೂಲಕ ತರುವವರಿಗೆ ಎರಡು ಮಾತು. ಏನೂ ಹೇಳದಿದ್ದರೆ ಅದು ಕೊಡುವುದು ಪರದೆಯಲ್ಲಿ ಕಾಣುವ ರೂಪ, ಕಚ್ಚಾ ಬೆಲೆ ಬೇಕೆಂದು ಕೇಳಬೇಕು. ಸಾಲಿನ ಕೊನೆಯ ಖಾಲಿ ಸೆಲ್‌ಗಳನ್ನು ಅದು ಕಳಿಸುವುದೇ ಇಲ್ಲ, ಹಾಗಾಗಿ ಸಾಲಿನ ಉದ್ದ ಏರುಪೇರಾಗುತ್ತದೆ. ಶೀಟ್‌ಜೆಎಸ್ ಬಳಸುವವರು ಆವೃತ್ತಿ ನೋಡಿಕೊಳ್ಳಿ. ಎನ್‌ಪಿಎಂನಲ್ಲಿ (ಜಾವಾಸ್ಕ್ರಿಪ್ಟ್ ಲೈಬ್ರರಿಗಳ ಭಂಡಾರ) ಸಿಗುವ 0.18.5 ಹಳೆಯದು, ಆಮೇಲಿನ ಭದ್ರತಾ ತಿದ್ದುಪಡಿಗಳು ಅವರದೇ ತಾಣದಲ್ಲಿರುವ ಆವೃತ್ತಿಗಳಲ್ಲಿವೆ.

ಮತ್ತೆ ಹುಡುಕುವುದು ಸುಲಭವಾಗಲು

ಬಂದ ಫೈಲನ್ನು ಒಂದಕ್ಷರ ಬದಲಾಯಿಸದೆ ಉಳಿಸಿಡಿ. ಪ್ರತಿ ದಾಖಲೆಯ ಜೊತೆ ಯಾವ ಫೈಲ್, ಎಷ್ಟನೇ ಸಾಲು ಎಂದು ಬರೆದಿಡಿ. ಇವೆರಡು ಇಲ್ಲದಿದ್ದರೆ ಮೇಲೆ ಹೇಳಿದ ಯಾವ ಪರೀಕ್ಷೆಯೂ ಮಾಡಲಾಗುವುದಿಲ್ಲ. ಅಪ್‌ಲೋಡ್ ಆದ ಮೇಲೆ ನೇರ ಡೇಟಾಬೇಸಿಗೆ ಹಾಕಬೇಡಿ. ಒಂದು ಮುನ್ನೋಟ ತೋರಿಸಿ: ತಾರೀಖನ್ನು "12 ಜೂನ್ 2024, ಬುಧವಾರ" ಎಂದು ತಿಂಗಳ ಹೆಸರು ಮತ್ತು ವಾರದ ಸಮೇತ, ಖಾತೆ ಸಂಖ್ಯೆಯನ್ನು ನಾಲ್ಕು ನಾಲ್ಕು ಅಂಕಿಗಳಾಗಿ ಬಿಡಿಸಿ, ಒಟ್ಟು ಬಾಕ್ಸ್ ಮತ್ತು ಒಟ್ಟು ಹಣವನ್ನು ಮೇಲ್ಗಡೆ ದೊಡ್ಡದಾಗಿ. ಗುಮಾಸ್ತರಿಗೆ ಅಂದಿನ ಒಟ್ಟು ಬಾಯಲ್ಲೇ ಇರುತ್ತದೆ, ತಪ್ಪಿದ್ದರೆ ಒಂದೇ ನೋಟಕ್ಕೆ ಹಿಡಿಯುತ್ತಾರೆ.

ಈಗಾಗಲೇ ಕೆಟ್ಟ ಡೇಟಾ ಸೇರಿದ್ದರೆ ಸಾಲುಗಳನ್ನು ಎರಡು ರಾಶಿ ಮಾಡಿ. ಸಮಯ ವಲಯ, ಬಿಓಎಂ, ನಾರ್ಮಲೈಸ್, ಅಲ್ಪವಿರಾಮದಿಂದ ಕೆಟ್ಟವನ್ನು ಮೂಲ ಫೈಲಿನಿಂದ ಮತ್ತೆ ಓದಿ ಸರಿಮಾಡಬಹುದು. ಸೊನ್ನೆಯಾದ ಖಾತೆ, ತಾರೀಖಾದ ಸರ್ವೆ ನಂಬರ್, ಪ್ರಶ್ನಾರ್ಥಕವಾದ ಹೆಸರು ಇವುಗಳಿಗೆ ಪಾವತಿಯನ್ನು ತಡೆಹಿಡಿಯುವ ಗುರುತು ಹಾಕಿ, ಪಟ್ಟಿಯನ್ನು ಊರುವಾರು ಪ್ರಿಂಟ್ ತೆಗೆದು ಕೊಡಿ. ಪಾಸ್‌ಬುಕ್ ಮತ್ತು ಪಹಣಿ ನೋಡಿ ತುಂಬಿದ ಮೇಲೆ, ಟೈಪ್ ಮಾಡಿದವರನ್ನು ಬಿಟ್ಟು ಇನ್ನೊಬ್ಬರು ಓದಿ ನೋಡಿ ಒಪ್ಪಿದ ನಂತರವೇ ಆ ಗುರುತು ತೆಗೆಯಿರಿ.